ಪಾಠ ಒಪ್ಪಿಸಿಕೊಳ್ಳುತ್ತಿದ್ದ ಡಾಕ್ಟರಮ್ಮ

ಡಾಕ್ಟರಮ್ಮ ಹೋದ ಸುದ್ದಿ ಬಂದಾಗ ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಸುದ್ದಿ ತಂದವಳು ಹಿಂದೆ ಅವರ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳ ಮಗಳು. ನಾನು ಅಳಬಹುದೆಂದು ಎದುರಿಗೆ ಕೂತು ಸ್ವಲ್ಪ ಹೊತ್ತು ಕಾದಳು. ಅಳು ಬರಲಿಲ್ಲ. "ಯಾವತ್ತು?" ಅಂದೆ. "ಓದ ವಾರವಂತೆ, ಅವರೂರ್ನಲ್ಲೇ" ಅಂದಳು. ಅವಳಿಗೆ ಕಾಫಿ ಕೊಟ್ಟು ಕಳಿಸಿ ಉಳಿದ ಕಾಯಿ ಸುಲಿದು ಮುಗಿಸಿದೆ. ಸಂಜೆ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನೆನಪಾಗದೆ ರುಚಿ ನೋಡಿದೆ. ಹಾಕಿದ್ದೆ.

ಹೆಸರು ಬರೆಯುವುದಿಲ್ಲ. ಐವತ್ತರ ದಶಕದ ಚಾಮರಾಜನಗರದಲ್ಲಿ ನಮಗೆ ಡಾಕ್ಟರಮ್ಮ ಅಂದರೆ ಅವರೊಬ್ಬರೇ. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮಂಗಳೂರು ಕಡೆಯವರು, ಮದರಾಸಿನಲ್ಲಿ ಓದಿದವರು, ಮದುವೆಯಾಗದವರು. ಬಿಳಿ ಸೀರೆ, ಗಂಡಸರ ಕೈಗಡಿಯಾರ, ಬಾಯಲ್ಲಿ ಸದಾ ಒಂದು ಲವಂಗ. ಎತ್ತರ ಎಷ್ಟಿತ್ತೆಂದರೆ ನಮ್ಮ ವಠಾರದ ಬಾಗಿಲಲ್ಲಿ ದಿನಾ ತಲೆ ಬಗ್ಗಿಸಬೇಕಿತ್ತು, ದಿನಾ ಮರೆಯುತ್ತಿದ್ದರು. ನಾನು ಹುಡುಗಿಯರ ಶಾಲೆಯಲ್ಲಿ ಉಪಾಧ್ಯಾಯಿನಿ. ಮದುವೆಯಾದ ವರ್ಷವೇ ಗಂಡ ತೀರಿಕೊಂಡ ಮೇಲೆ ಭೀಮನಬೀಡಿನ ತವರಿಗೆ ಬಂದು, ಅಪ್ಪ ಕಣ್ಣು ಮುಚ್ಚುವ ಮುಂಚೆ ಹಟ ಹಿಡಿದು ಓದಿ, ಕೆಲಸ ಹಿಡಿದು ಬಂದಿದ್ದೆ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಅವರು ಒಗ್ಗರಣೆ ಸೀಯಿಸಿದರೆ ನನಗೆ ಕೆಮ್ಮು ಬರುತ್ತಿತ್ತು. ವಾರಕ್ಕೆ ಎರಡು ಮೂರು ಸಲ ಕೆಮ್ಮುತ್ತಿದ್ದೆ.

ಅವರಿಗೆ 'ಪಾಠ ಒಪ್ಪಿಸ್ಕೊಳ್ಳೋ ಡಾಕ್ಟ್ರಮ್ಮ' ಎಂದು ಹೆಸರಿಟ್ಟವರು ಆಸ್ಪತ್ರೆಯ ಹೆಂಗಸರೇ. ನಾವು ಶಾಲೆಯಲ್ಲಿ ಮಕ್ಕಳಿಂದ ಪದ್ಯ ಒಪ್ಪಿಸಿಕೊಳ್ಳುವಂತೆ ಅವರು ಕಾಯಿಲೆಯನ್ನು ಒಪ್ಪಿಸಿಕೊಳ್ಳುತ್ತಿದ್ದರು. ಏನು ಕಾಯಿಲೆ, ಏನು ಮಾಡುತ್ತೇವೆ, ಮಾಡಿದರೆ ಏನು, ಮಾಡದಿದ್ದರೆ ಏನು, ಎಲ್ಲ ಹೇಳಿ, ಆಮೇಲೆ ನೆಲದ ಮೇಲೆ ಚಾಪೆ ಹಾಸಿ ಆ ಹೆಂಗಸಿನ ಎದುರಿಗೆ ತಾವೂ ಕೂರುತ್ತಿದ್ದರು. "ಈಗ ನಾನು ನಿಮ್ಮ ಮನೆಯ ಓರಗಿತ್ತಿ. ನನಗೆ ಎಂತದೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಎಂತ ಹೇಳಿದರು ಅಂತ ಕೇಳ್ತೇನೆ, ನೀವು ಹೇಳಿ ನೋಡುವ." ಹೆಂಗಸರಿಗೆ ನಗು ಬರುತ್ತಿತ್ತು. ಅಷ್ಟೆತ್ತರದ ಡಾಕ್ಟರು ಓರಗಿತ್ತಿಯಾಗಿ ಕಾಲು ಮಡಿಚಿ ಕೂರುವುದು ನೋಡಿದರೆ ಯಾರಿಗೂ ಬರಬೇಕು. ನಕ್ಕ ಮೇಲೆ ಹೇಳುತ್ತಿದ್ದರು. ತಪ್ಪಾದರೆ ಮತ್ತೆ ಮೊದಲಿಂದ.

ಗರ್ಭಕೋಶದ ವಿಷಯವಾದರೆ ಅವರದು ಇನ್ನೊಂದು ಪದ್ಧತಿ. ನಮ್ಮ ಕಡೆ ಹೆಂಗಸರ ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ ಇದ್ದೇ ಇರುತ್ತಿತ್ತು. ಆ ಸಂಚಿಯನ್ನು ಈಸಿಕೊಂಡು, ಬಾಯಿ ಕೆಳಗೆ ಮಾಡಿ ಹಿಡಿದು, "ನಿಮ್ಮೊಳಗೆ ಇರುವುದು ಹೀಗೆ ಉಂಟು. ಮಗು ಬೆಳೆಯುವುದು ಇದರಲ್ಲಿ, ತಿಂಗಳು ತಿಂಗಳು ರಕ್ತ ಬರುವುದೂ ಇದರಿಂದ" ಎನ್ನುತ್ತಿದ್ದರು. ಎರಡು ಕಡೆಯ ದಾರ ತೋರಿಸಿ ಎಲ್ಲಿ ಕತ್ತರಿಸುತ್ತಾರೆ ಎನ್ನುವುದನ್ನೂ ಹೇಳುತ್ತಿದ್ದರು. ಆಮೇಲೆ, ತೆಗೆದರೆ ಇದು ಇರುವುದಿಲ್ಲ ಎನ್ನುವಂತೆ, ಸಂಚಿಯನ್ನು ತಮ್ಮ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಒಬ್ಬಳು ಮುದುಕಿ, "ನನ್ನ ಎಲೆ ಯಾವಾಗ ಕೊಟ್ಟೀಯೆ ತಾಯಿ" ಎಂದು ಕೇಳಿದಳಂತೆ. ಆ ಕಥೆಯನ್ನು ಅವರೇ ಬಂದು ಹೇಳಿ ನಗುತ್ತಿದ್ದರು.

ಗಂಡಸರ ಮಟ್ಟಿಗೆ ಅವರು ಬಹಳ ಒರಟು. ಹರವೆಯ ಕಡೆಯ ಒಬ್ಬ ದನದ ವ್ಯಾಪಾರಿ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಡಾಕ್ಟರಮ್ಮ ಅವಳನ್ನು ಎಲ್ಲಿ ನೋವು ಎಂದು ಕೇಳಿದರೆ ಇವನು "ಕಿಬ್ಬೊಟ್ಟೆ" ಅಂದ. ಎಷ್ಟು ದಿನದಿಂದ ಎಂದರೆ ಇವನೇ "ದೀಪಾವಳಿಯಿಂದ" ಅಂದ. ಇವರು ಕನ್ನಡಕ ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿ, "ನಿಮಗೆ ಮುಟ್ಟು ಸರಿಯಾಗಿ ಆಗ್ತದಾ?" ಎಂದು ಕೇಳಿದರು. ಅವನು ಎದ್ದು ಹೊರಗೆ ಹೋದವನು ಬೇವಿನ ಮರದ ಕೆಳಗೆ ಮಧ್ಯಾಹ್ನದವರೆಗೆ ಕೂತಿದ್ದ. ಊರಲ್ಲಿ ಇದು ತಿಂಗಳುಗಟ್ಟಲೆ ಓಡಾಡಿತು.

ಯಾಕೆ ಇಷ್ಟು ಹಟ ಎಂದು ಒಮ್ಮೆ ಕೇಳಿದ್ದೆ. ಹಿಂದೆ ಬೇರೆ ಯಾವುದೋ ಊರಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದಾಗ, ಒಬ್ಬ ಹೆಂಗಸು ಮಕ್ಕಳಾಗಲು ಔಷಧಿ ಕೇಳಿಕೊಂಡು ಬಂದಳಂತೆ. ಪರೀಕ್ಷೆ ಮಾಡಿದರೆ ಅವಳಿಗೆ ಗರ್ಭಕೋಶವೇ ಇರಲಿಲ್ಲ. ಯಾವಾಗಲೋ ತೆಗೆದಿದ್ದಾರೆ, ಮನೆಯವರಿಗೆ ಗೊತ್ತು, ಅವಳಿಗೆ ಹೊಟ್ಟೆಯೊಳಗೆ ಹುಣ್ಣಾಗಿತ್ತು ಎಂದಿದ್ದಾರೆ. ಅವಳು ವರ್ಷಗಟ್ಟಲೆ ಒಪ್ಪತ್ತು ಊಟ ಮಾಡಿಕೊಂಡು ಹರಕೆ ಕಟ್ಟಿಕೊಂಡಿದ್ದಳು. "ನಾನೇ ಹೇಳಬೇಕಾಯಿತು ಮಾರಾಯ್ತಿ" ಅಂದರು. ಅವಳು ಏನಂದಳು ಎಂದು ಕೇಳಿದೆ. "ಎಂತ ಹೇಳ್ತಾಳೆ. ಇವತ್ತು ಊಟ ಮಾಡಬಹುದಾ ಅಂತ ಕೇಳಿದಳು."

ಈಗ ನಮ್ಮ ಅತ್ತಿಗೆಯ ವಿಷಯ ಹೇಳಬೇಕು. ಅದನ್ನು ಬಿಟ್ಟು ಡಾಕ್ಟರಮ್ಮನ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ನಮ್ಮಣ್ಣನ ಹೆಂಡತಿ ಬಾಯಿಲ್ಲದವಳು. ಮೂಗಿಯಲ್ಲ, ಹಾಡು ಹೇಳುತ್ತಿದ್ದಳು, ನನ್ನನ್ನು 'ಮೇಷ್ಟ್ರಮ್ಮ' ಎಂದು ರೇಗಿಸುತ್ತಿದ್ದಳು. ಆದರೆ ಹುರುಳಿ ಸಾರು ಬೇಕೋ ತೊಗರಿ ಸಾರು ಬೇಕೋ ಎಂದರೆ ನೀವು ಮಾಡಿದ್ದು ಎನ್ನುವವಳು. ಎರಡು ಮಕ್ಕಳು ಹುಟ್ಟಿದವು, ಎರಡೂ ಉಳಿಯಲಿಲ್ಲ. ಆಮೇಲೆ ಬಸಿರೂ ನಿಲ್ಲಲಿಲ್ಲ. ಮುಟ್ಟಾದರೆ ರಕ್ತ ನಿಲ್ಲದೆ ಹೋಗಿ ಹಾಸಿಗೆ ಹಿಡಿಯುವಂತಾಯಿತು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ನಾನೇ ಚಾಮರಾಜನಗರಕ್ಕೆ ಕರೆಸಿ ಡಾಕ್ಟರಮ್ಮನಿಗೆ ತೋರಿಸಿದೆ. ಗಡ್ಡೆಗಳಿವೆ, ಒಂದಲ್ಲ ಹಲವು. ಗರ್ಭಕೋಶ ತೆಗೆಯುವುದೇ ದಾರಿ ಎಂದು ಅವರು ಅವಳಿಗೂ ನಮ್ಮವರಿಗೂ ಹೇಳಿದರು. ಅತ್ತಿಗೆ ಅವತ್ತು ನಿಲ್ಲಲಾರದಷ್ಟು ಸುಸ್ತಾಗಿದ್ದಳು, ಕಿವಿಗೆ ಏನೂ ಹೋಗಲಿಲ್ಲ. ರಕ್ತ ಕಟ್ಟಲು ಸೂಜಿಮದ್ದು ಕೊಟ್ಟು, ಚೇತರಿಸಿಕೊಂಡು ಬಂದಾಗ ಮತ್ತೆ ಹೇಳುತ್ತೇನೆ ಎಂದು ಕಳಿಸಿದರು.

ಊರಿಗೆ ಹೋದ ಮೇಲೆ ನಮ್ಮವ್ವ ಮನೆದೇವರ ಮುಂದೆ ಹೂ ಕೇಳಿಸಿದಳು. ದೊಡ್ಡ ಕೆಲಸಕ್ಕೆಲ್ಲ ನಮ್ಮಲ್ಲಿ ಹಾಗೇ. ಹೊಲ ಕೊಳ್ಳಲಿ, ಹೆಣ್ಣು ತರಲಿ, ದೇವರ ಮೈಮೇಲೆ ಹೂವಿಟ್ಟು ಕಾಯುವುದು. ಬಲಗಡೆ ಬಿದ್ದರೆ ಆಗಲಿ, ಎಡಗಡೆ ಬಿದ್ದರೆ ಬೇಡ. ಹೂ ಬಲಗಡೆ ಬಿತ್ತು. ಅಲ್ಲಿಗೆ ಮುಗಿಯಿತು. ಗುಡಿಗೆ ಅತ್ತಿಗೆಯನ್ನು ಕರೆದುಕೊಂಡು ಹೋಗಿರಲಿಲ್ಲ, ನಡೆಯಲಾರಳು ಎಂದು. ಮನೆಗೆ ಬಂದು ಅವಳಿಗೆ ಹೇಳಿದ್ದು ಇಷ್ಟೇ: "ಗೆಡ್ಡೆ ತಗ್ಸಕೆ ದ್ಯಾವ್ರು ಒಪ್ಪವ್ನೆ. ಗೆಡ್ಡೆ ಓದ್ರೆ ಮುಂದ್ಕೆ ಎಲ್ಲಾನೂ ಒಳ್ಳೇದಾಯ್ತದೆ." ಅವ್ವ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಸೊಸೆಯ ಜೀವ ಉಳಿಯಲಿ, ಎದೆ ಒಡೆಯದಿರಲಿ, ಹಾವೂ ಸಾಯದೆ ಕೋಲೂ ಮುರಿಯದೆ ಆಗಲಿ ಎಂದುಕೊಂಡಳು. 'ಎಲ್ಲಾನೂ' ಅನ್ನುವುದರಲ್ಲಿ ಅತ್ತಿಗೆ ಮಗುವನ್ನೂ ಸೇರಿಸಿಕೊಂಡಳು.

ದೊಡ್ಡ ಆಪರೇಷನ್ ಮಾಡಲು ತಿಂಗಳಿಗೊಮ್ಮೆ ಮೈಸೂರಿನಿಂದ ಸರ್ಜನ್ ಬರುತ್ತಿದ್ದರು. ಅವರು ಬರುವ ಹಿಂದಿನ ದಿನ ಅಣ್ಣ, ಅವ್ವ, ಅತ್ತಿಗೆ ಬಂದರು. ಒಪ್ಪಿಗೆಯ ಕಾಗದಕ್ಕೆ ಅಣ್ಣ ಹೆಬ್ಬೆಟ್ಟು ಒತ್ತಿದ. ಡಾಕ್ಟರಮ್ಮ ಎಲ್ಲರನ್ನೂ ಹೊರಗೆ ಕಳಿಸಿ, ಅವರ ಮಂಗಳೂರು ಕನ್ನಡ ಅತ್ತಿಗೆಗೆ ತೊಡಕಾದರೆ ಇರಲಿ ಎಂದು ನನ್ನೊಬ್ಬಳನ್ನು ಉಳಿಸಿಕೊಂಡರು. ಸಂಚಿ ಈಸಿಕೊಂಡರು, ಎಲ್ಲ ಹೇಳಿದರು, ಚಾಪೆಯ ಮೇಲೆ ಕೂತು ಪಾಠ ಕೇಳಿದರು.

"ಗೆಡ್ಡೆ ತಗೀತಾರೆ ಕಣಮ್ಮ" ಅಂದಳು ಅತ್ತಿಗೆ. "ಆಮ್ಯಾಕೆ ಮಗ ನಿಲ್ತದೆ."

"ಅಲ್ಲ" ಅಂದರು ಡಾಕ್ಟರಮ್ಮ. ಮತ್ತೆ ಮೊದಲಿಂದ ಹೇಳಿದರು. ಗಡ್ಡೆ ಮಾತ್ರ ಬಿಡಿಸಬಹುದೇ ಎಂದು ನಾನು ಕೇಳಿದೆ. ಕೆಲವರಿಗೆ ಆಗುತ್ತದೆ, ಇವರದು ಗೋಡೆಯೊಳಗೇ ಬೆಳೆದಿದೆ, ಬಿಡಿಸಲು ಹೋದರೆ ಟೇಬಲ್ಲಿನ ಮೇಲೇ ರಕ್ತ ನಿಲ್ಲದೆ ಹೋಗಬಹುದು, ಕಾಗದ ಬರೆದು ಕೇಳಿದ್ದಕ್ಕೆ ಸರ್ಜನರೂ ಹಾಗೇ ಹೇಳಿದ್ದಾರೆ ಅಂದರು. ಅತ್ತಿಗೆ ಎರಡನೆಯ ಸಲವೂ ಮಗ ನಿಲ್ತದೆ ಎಂದೇ ಹೇಳಿದಳು. ಈ ಸಲ ದನಿ ಇಳಿದಿತ್ತು. ಮೂರನೆಯ ಸಲ ಡಾಕ್ಟರಮ್ಮನ ಬೆನ್ನ ಹಿಂದಿದ್ದ ಸಂಚಿಯ ಕಡೆ ನೋಡಿದಳು. ಆಮೇಲೆ, ಪದ್ಯ ಬಾಯಿಪಾಠ ಮಾಡಿದ ಹುಡುಗಿಯ ಹಾಗೆ ಒಂದೇ ಉಸುರಿಗೆ ಹೇಳಿದಳು: "ಚೀಲನೇ ತಗೀತಾರೆ. ಮುಟ್ಟಾಗಕಿಲ್ಲ. ಮಗ ಆಗಕಿಲ್ಲ. ಜೀವ ಉಳೀಬೋದು. ತಗಿದೆ ಇದ್ರೆ ಇಂಗೇ ಓಯ್ತಾ ಓಯ್ತಾ ಒಂದಿನ ರಕ್ತ ನಿಲ್ದೆ ಓಗ್ಬುಡ್ಬೋದು."

"ಸರಿ" ಅಂದರು ಡಾಕ್ಟರಮ್ಮ. "ಈಗ ಹೇಳಿ. ಬೇಕಾ, ಬೇಡವಾ?"

ಅತ್ತಿಗೆ ನನ್ನ ಮುಖ ನೋಡಿದಳು. ಬಾಗಿಲ ಕಡೆ ನೋಡಿದಳು. "ನನ್ನ ಕೇಳ್ತಾವ್ರಾ?" ಎಂದು ನನ್ನನ್ನೇ ಕೇಳಿದಳು. ಹೌದು ಅಂದೆ. "ಏನೇಳ್ಬೇಕು ಮೇಷ್ಟ್ರಮ್ಮ?" ಅಂದಳು. ನಾನು ಬೇಕು ಅನ್ನು ಎಂದು ಹೇಳಲು ಬಾಯಿ ತೆರೆದೆ. ಡಾಕ್ಟರಮ್ಮ ಕೈ ಎತ್ತಿ ನನ್ನನ್ನು ತಡೆದರು.

ಮಾರನೆಯ ದಿನ ಸರ್ಜನ್ ಬಂದಾಗ ಡಾಕ್ಟರಮ್ಮ ಹೋಗಿ, ಅತ್ತಿಗೆಗೆ ಇವತ್ತು ಆಪರೇಷನ್ ಇಲ್ಲ ಅಂದರು. "ಗಂಡ ಒಪ್ಪಿದಾನೆ, ಅತ್ತೆ ಒಪ್ಪಿದಾಳೆ, ಇನ್ನೇನ್ರೀ?" ಅಂದರು ಆ ದೊಡ್ಡ ಮನುಷ್ಯರು. "ಇವರು ಒಪ್ಪಲಿಲ್ಲ." "ಆಗಲ್ಲ ಅಂದಳೇನು?" "ಅದೂ ಹೇಳಲಿಲ್ಲ. ಹೇಳಲಿಕ್ಕೆ ಸ್ವಲ್ಪ ಸಮಯ ಬೇಕು." ಸರ್ಜನ್ ಕೈಗವಸು ಕಿತ್ತು ಬೇಸನ್ನಿಗೆ ಎಸೆದರು. ಹೊರಗೆ ನಮ್ಮವ್ವ, "ದ್ಯಾವ್ರು ವರ ಕೊಟ್ರೂ ಪೂಜಾರಿ ಕೊಡ್ನಿಲ್ಲ" ಎಂದು ಹಣೆ ಚಚ್ಚಿಕೊಂಡಳು. ಅಣ್ಣ, "ಊವ ಬಲಗಡಿಕೆ ಬಿದ್ದಮ್ಯಾಲೆ ಇವಳ್ದೇನಮ್ಮ ಕೇಳೋದು" ಅಂದ. "ಕೊಯ್ಯುವುದು ಇವರ ಹೊಟ್ಟೆಯಲ್ವಾ" ಎಂದು ಹೇಳಿ ಡಾಕ್ಟರಮ್ಮ ಮುಂದಿನ ರೋಗಿಯ ಹತ್ತಿರ ಹೋದರು.

ಮುಂದಿನ ಸಲ ಸರ್ಜನ್ ಬರುವವರೆಗೆ ಅತ್ತಿಗೆ ನನ್ನ ಜೊತೆಯೇ ಇದ್ದಳು. ಡಾಕ್ಟರಮ್ಮ ದಿನಾ ಸಂಜೆ ಬಾಗಿಲಿಗೆ ತಲೆ ಬಡಿಸಿಕೊಂಡು ಒಳಗೆ ಬಂದು, ಕಬ್ಬಿಣದ ಟಾನಿಕ್ ಕುಡಿಸಿ, ಕೂತು ಅವಳ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಕೇಳುವ ರುಚಿ ಹತ್ತಿತ್ತು ಅವಳಿಗೆ. ತೆಗೆಸಿಕೊಂಡರೆ ನಾನು ಗಂಡಸಿನ ಹಾಗೆ ಆಗಿಬಿಡುತ್ತೇನಾ? ಇಲ್ಲ. ಮೀಸೆ ಬರುತ್ತದಾ? ಇಲ್ಲ. ನೀರು ಹೊರಬಹುದಾ? ಕೆಲವು ತಿಂಗಳ ಮೇಲೆ ಹೊರಬಹುದು. ಗಂಡನ ಜೊತೆ ಮಲಗಬಹುದಾ? ಗಾಯ ಮಾಗಿದ ಮೇಲೆ ಧಾರಾಳವಾಗಿ. ಅವನು ಇನ್ನೊಬ್ಬಳನ್ನು ತರುತ್ತಾನಾ?

"ಅದು ನನಗೆ ಗೊತ್ತಿಲ್ಲ" ಅಂದರು. ಗೊತ್ತಿಲ್ಲ ಎನ್ನಲು ಅವರಿಗೆ ಒಂದಿಷ್ಟೂ ನಾಚಿಕೆ ಇರಲಿಲ್ಲ. ತೆಗೆಸದಿದ್ದರೆ ಎಷ್ಟು ದಿನ ಇರುತ್ತೇನೆ ಎಂದು ಕೇಳಿದಾಗಲೂ ಹಾಗೇ ಹೇಳಿದರು. "ವರ್ಷಗಟ್ಟಲೆ ಇರಬಹುದು. ಮುಂದಿನ ತಿಂಗಳೂ ಹೋಗಬಹುದು. ಗೊತ್ತಿಲ್ಲ." ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ಹೆದರಿಸಬೇಕಾದ ಕಡೆ ಹೆದರಿಸಬೇಕು ಎನ್ನುವುದು ನಮ್ಮ ಕಸುಬಿನವರ ನಂಬಿಕೆ.

ಸರ್ಜನ್ ಬರುವ ಹಿಂದಿನ ಸಂಜೆ, "ಇವತ್ತು ನೀವೂ ಹೊರಗೆ ಇರಿ" ಅಂದರು ನನಗೆ. ನನ್ನ ಮನೆಯಿಂದ ನನ್ನನ್ನೇ. ಜಗಲಿಯ ಮೇಲೆ ಕೂತೆ. ಒಳಗೆ ಅತ್ತಿಗೆಯ ದನಿಯೇ ಹೆಚ್ಚಾಗಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಂದು ಸಲ ನಕ್ಕಳು. ದೀಪ ಹಚ್ಚುವ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು. "ಬೇಡ ಅಂತ ಹೇಳಿದರು" ಅಂದರು.

"ನೀವು ಗಟ್ಟಿಯಾಗಿ ಒಂದು ಮಾತು ಹೇಳಿದ್ದರೆ ಒಪ್ಪುತ್ತಿದ್ದಳು" ಅಂದೆ.

"ಹೇಳಿದೆ. ಮಾಡಿಸಿಕೊಳ್ಳುವುದು ಒಳ್ಳೆಯದು ಅಂತ ಹೇಳಿದೆ. ನಾನಾಗಿದ್ದರೆ ಮಾಡಿಸಿಕೊಳ್ತಿದ್ದೆ ಅಂತಲೂ ಹೇಳಿದೆ." ಬಾಯಿಗೆ ಹಾಕಿಕೊಳ್ಳಲು ತೆಗೆದ ಲವಂಗವನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದರು. ಅದು ಪುಡಿಯಾಗಿ ಸೀರೆಯ ಮೇಲೆ ಉದುರಿತು. "ಆದರೆ ಅವರು ನಾನಲ್ಲವಲ್ಲ."

ಅತ್ತಿಗೆಯನ್ನು ನಾನೇ ಗುಂಡ್ಲುಪೇಟೆ ಬಸ್ಸು ಹತ್ತಿಸಿ, ಜೊತೆಗೆ ಹೋಗಿ ಊರಿಗೆ ಬಿಟ್ಟು ಬಂದೆ. ಕಿಟಕಿಯ ಪಕ್ಕದ ಜಾಗ ಬೇಕು ಅಂದಳು. ಬೇಕು ಎನ್ನುವ ಮಾತನ್ನು ಅವಳ ಬಾಯಲ್ಲಿ ನಾನು ಅವತ್ತು ಮೊದಲ ಸಲ ಕೇಳಿದ್ದು. ಊರಿನಲ್ಲೂ ಅದೇ ಕಥೆ. ಹಬ್ಬಕ್ಕೆ ಹೋದಾಗ ಅವ್ವ ದೂರು ಹೇಳಿದಳು: "ನಿಮ್ ಡಾಕ್ಟ್ರಮ್ಮ ಇವಳ್ಗೆ ಬಾಯಿ ಕೊಟ್ಟು ಕಳ್ಸವ್ಳೆ ಕಣಮ್ಮಿ. ಈ ಸೀರೆ ಬ್ಯಾಡ ಅಂತಾಳೆ, ಆ ಸಾರು ಬೇಕು ಅಂತಾಳೆ." ಬಯ್ಯುವ ದನಿ ಇತ್ತು, ಸಿಟ್ಟು ಅಷ್ಟಿರಲಿಲ್ಲ. ಅತ್ತಿಗೆ ಒಲೆಯ ಮುಂದೆ ನಗುತ್ತ ಕೂತಿದ್ದಳು. ಮೈ ಕೈ ತುಂಬಿಕೊಂಡಿರಲಿಲ್ಲ, ಕಳೆ ಮಾತ್ರ ಬಂದಿತ್ತು. ಆ ದಿನಗಳು ಅವಳವು. ಅಷ್ಟನ್ನು ನಾನು ಒಪ್ಪುತ್ತೇನೆ.

ಹುರುಳಿ ಕೀಳುವ ಕಾಲಕ್ಕೆ ಶುರುವಾದ ರಕ್ತ ನಿಲ್ಲಲಿಲ್ಲ. ಗಾಡಿಯಲ್ಲಿ ಮಲಗಿಸಿಕೊಂಡು ಹೊರಟಿದ್ದಾರೆ. ಗುಂಡ್ಲುಪೇಟೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಾಳೆ. ನನಗೆ ಶಾಲೆಗೆ ಸುದ್ದಿ ಬಂತು. ಮಕ್ಕಳಿಗೆ ಕೂಡುವ ಲೆಕ್ಕ ಹಾಕಿ ಕೊಟ್ಟು ಹೊರಟೆ. ಹೊಲದ ಬದುವಿನಲ್ಲಿ ಮಣ್ಣು ಮಾಡುವಾಗಲೂ ನನಗೆ ಏನೂ ಆಗಲಿಲ್ಲ. ಯಾರೋ ಮಣ್ಣು ಹಾಕು ಅಂದರು, ಹಾಕಿದೆ. ಕೈ ತೊಳೆದುಕೋ ಅಂದರು, ತೊಳೆದುಕೊಂಡೆ. ಆವತ್ತು ಮರಗಟ್ಟಿದ್ದು ಇನ್ನೂ ಪೂರ್ತಿ ಬಿಟ್ಟಿಲ್ಲ ಎಂದು ಕಾಣುತ್ತದೆ.

ವಾಪಸು ಬಂದ ಮೇಲೆ ಗೋಡೆಯ ಆಚೆ ಒಗ್ಗರಣೆ ಸೀದರೂ ಮುಂಚಿನ ಹಾಗೆ ಈಚೆಯಿಂದ ನಾನು ಕೂಗಿ ಕೇಳಲಿಲ್ಲ. ಅವರು ಬಾಗಿಲಿಗೆ ಬಂದು ನಿಂತರೆ ಕೆಲಸ ಇದೆ ಎನ್ನುತ್ತಿದ್ದೆ. ಅವರು ಸರಿ ಎಂದು ಹೋಗುತ್ತಿದ್ದರು. ಆಸ್ಪತ್ರೆಯಲ್ಲಿ ಅವರ ಪದ್ಧತಿ ಬದಲಾಗಲಿಲ್ಲ ಎಂದು ಆಯಾ ಹೇಳಿದಳು. ಒಂದೇ ವ್ಯತ್ಯಾಸ, ತೆಗೆಸದಿದ್ದರೆ ಸಾಯಬಹುದು ಎನ್ನುವುದನ್ನು ಈಗ ಇಬ್ಬರು ಮೂವರ ಹತ್ತಿರ ಎರಡೆರಡು ಸಲ ಒಪ್ಪಿಸಿಕೊಂಡರಂತೆ. ಹೆಚ್ಚಿನವರು ಒಪ್ಪಿ ಮಾಡಿಸಿಕೊಂಡರು. ಅವರಲ್ಲಿ ಕೆಲವರು ಇವತ್ತಿಗೂ ಸಂತೆಯಲ್ಲಿ ಸಿಗುತ್ತಾರೆ, ಗಟ್ಟಿಮುಟ್ಟಾಗಿದ್ದಾರೆ. ಅವರನ್ನು ಕಂಡರೆ ನನಗೆ ಸಂತೋಷವಾಗಬೇಕು.

ಅತ್ತಿಗೆಯ ತಿಥಿ ಕಾರ್ಯವೆಲ್ಲ ಮುಗಿದ ಮೇಲೆ ಒಂದು ದಿನ ಅಣ್ಣ ಬಂದ. ಡಾಕ್ಟರಮ್ಮನನ್ನು ನೋಡಬೇಕು ಅಂದ. ಅವನ ಮುಖ ನೋಡಿ ನಾನೂ ಜೊತೆಗೆ ಹೋದೆ. ಮಧ್ಯಾಹ್ನ, ರೋಗಿಗಳೆಲ್ಲ ಹೋಗಿದ್ದರು. ಡಾಕ್ಟರಮ್ಮ ಕೈ ತೊಳೆಯುತ್ತಿದ್ದವರು ತಿರುಗಿ ನಿಂತರು.

"ನೀವು ಬಾಯ್ಮುಚ್ಕಂಡಿದ್ರೆ ನಮ್ಮೋಳು ಬದ್ಕೋಳು ಕಣಮ್ಮ" ಅಂದ ಅಣ್ಣ.

"ಹೌದು" ಅಂದರು ಅವರು. "ಬದುಕುತ್ತಿದ್ದರು ಅಂತ ಕಾಣ್ತದೆ."

ಅಣ್ಣ ಜಗಳಕ್ಕೆ ಸಿದ್ಧನಾಗಿ ಬಂದಿದ್ದ. ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದ ಮಾತಿಗೆ ಎದುರು ನಿಲ್ಲುವವರೇ ಇರಲಿಲ್ಲ. ಹೆಂಗಸರು ಕಾಯುವ ಬೆಂಚಿನ ಮೇಲೆ ಕೂತ. ಟವೆಲನ್ನು ತೊಡೆಯ ಮೇಲೆ ಮಡಿಸಿದ, ಬಿಚ್ಚಿದ. ತಲೆ ಎತ್ತದೆ, "ಯಾಕ್ ಬ್ಯಾಡ ಅಂದ್ಳು?" ಎಂದು ಕೇಳಿದ.

ನಾನು ಡಾಕ್ಟರಮ್ಮನ ಮುಖ ನೋಡಿದೆ. ನನಗೂ ಅದೇ ಬೇಕಿತ್ತು. ಇನ್ನೊಂದು ಸಲ ಮಗುವಿಗಾಗಿ ನೋಡೋಣ ಎಂದಿದ್ದಳೋ, ಸವತಿಯ ಭಯವೋ, ಬೇಡ ಎಂದು ಹೇಳಿ ನೋಡುವ ಆಸೆಯೇ ಇತ್ತೋ.

"ಅದು ಅವರು ನನಗೆ ಹೇಳಿದ್ದು" ಅಂದರು. "ಬೇರೆಯವರಿಗೆ ಹೇಳಲಿಕ್ಕೆ ನನಗೆ ಹೇಳಲಿಲ್ಲ."

"ನಾ ಗಂಡ ಕಣಮ್ಮ."

"ಗೊತ್ತುಂಟು." ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಅವರು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಆಮೇಲೆ, ಬೈಯುವ ದನಿಯಲ್ಲಲ್ಲ, ನಿಜವಾಗಿ ತಿಳಿಯಬೇಕು ಎನ್ನುವ ದನಿಯಲ್ಲಿ ಕೇಳಿದರು. "ಊರಿಗೆ ಬಂದ ಮೇಲೆ ಇಷ್ಟು ತಿಂಗಳು ನಿಮ್ಮ ಮನೆಯಲ್ಲೇ ಇದ್ದರಲ್ಲ. ನೀವು ಅವರನ್ನು ಕೇಳಲಿಲ್ವಾ?"

ಆ ಕಾರಣ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದವರು ಹೋದ ವಾರ ತೀರಿಕೊಂಡರು.

ಅಣ್ಣ ಟವೆಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ. "ಬ್ಯಾಡ ಅಂದಿದ್ಕೆ ಬೈದೆ" ಅಂದ. "ಯಾಕೆ ಅಂತ ಅವಳ್ನೇ ಕೇಳ್ಬೋದು ಅಂತ ಗೊತ್ತಿರ್ನಿಲ್ಲ ಕಣಮ್ಮ."